ಕುಂಕುಮ ಹಚ್ಚಿದ ಕಂಪ್ಯೂಟರ್

ಚೆಂಬೂರಿನ ನಮ್ಮ ಶನಿವಾರದ ಭಜನೆಗೆ ಬರುವ ರಮಾಮಣಿ ತಾಳದಲ್ಲಿ ಒಂದು ಪೆಟ್ಟೂ ತಪ್ಪುವವಳಲ್ಲ. ಮೈಸೂರಿನಿಂದ ಬಂದ ಮನೆತನ. ಭಾಂಡುಪಿನ ಒಂದು ಪಂಪು ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಟೈಪಿಸ್ಟ್ ಆಗಿದ್ದಳು. ತೊಂಬತ್ತೊಂದರಲ್ಲಿ ಆಫೀಸಿಗೆ ಕಂಪ್ಯೂಟರ್ ಬಂದಾಗ ಕಲಿಸುವವರು ಯಾರೂ ಇರಲಿಲ್ಲ. ಊಟದ ಬಿಡುವಿನಲ್ಲಿ ದಪ್ಪ ಪುಸ್ತಕ ತೆರೆದಿಟ್ಟುಕೊಂಡು, ಮೊಸರನ್ನ ತಿನ್ನುತ್ತ, ತಾನೇ ಕಲಿತಳು.

ಮರುವರ್ಷ ಪರ್ಸನೆಲ್ ಮ್ಯಾನೇಜರ್ ಜಯಸಿಂಹ ಅವಳನ್ನು ಕರೆದರು. ಅವರು ಬೆಂಗಳೂರಿನವರು. “ಕೆಲಸಗಾರರಿಗೆ ಏನೇನು ಕಾಯಿಲೆ ಇದೆ ಅಂತ ಕಂಪ್ಯೂಟರಲ್ಲಿ ಒಂದು ಫಾರ್ಮ್ ಮಾಡಿ ರಮಾಮಣಿ. ಡಾಕ್ಟರನ್ನ ಕರೆಸ್ತೀನಿ. ನಮ್ಮ ಕನ್ನಡದ ಜನ ನಿಮ್ಮ ಹತ್ರ ಆದ್ರೆ ಮುಚ್ಚುಮರೆ ಮಾಡಲ್ಲ.”

ಪರದೆಯ ಮೇಲೆ ಎಂಟು ಪುಟ್ಟ ಚೌಕ ಮಾಡಿದಳು: ಕಿವಿಗೊಂದು, ಕಣ್ಣಿಗೊಂದು, ಸೊಂಟಕ್ಕೊಂದು, ಹೀಗೆ. ಇರುವ ತೊಂದರೆಗೆ ಗುರುತು ಹಾಕಿ ಗುಂಡಿ ಒತ್ತಿದರೆ, ಗುರುತು ಬಿದ್ದವು ಮಾತ್ರ ಕೆಳಗೆ ಸಾಲಾಗಿ ಕಾಣಬೇಕು. ಮೊದಲು ಹಾಗಾಗಲಿಲ್ಲ. ಒಬ್ಬನ ಗುರುತು ಅಳಿಯದೆ ಮುಂದಿನವನಿಗೂ ಅಂಟಿಕೊಳ್ಳುತ್ತಿತ್ತು. ಮೂರು ದಿನ ಒದ್ದಾಡಿ ಸರಿಪಡಿಸಿದಳು. “ಒಬ್ಬರ ನೋವು ಇನ್ನೊಬ್ಬರ ತಲೆಗೆ ಬೀಳಬಾರದು ನೋಡಿ” ಎಂದು ಆಗ ನನಗೆ ಸಂತೋಷದಿಂದ ಹೇಳಿದ್ದಳು.

ಅಷ್ಟರಲ್ಲಿ ಆಯುಧಪೂಜೆ ಬಂತು. ಕಾರ್ಖಾನೆಯ ಯಂತ್ರಗಳಿಗೆಲ್ಲ ಪೂಜೆ ಮಾಡುವವರು ಎರಕದ ವಿಭಾಗದ ಸಿದ್ದಲಿಂಗಪ್ಪ, ವಿಜಾಪುರದ ಕಡೆಯವರು. ಆ ಸಲ ಆಫೀಸಿಗೂ ಬಂದು ಕಂಪ್ಯೂಟರಿಗೆ ವಿಭೂತಿ ಎಳೆದು, ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿದರು.

ದಸರೆ ಮುಗಿದ ಮೇಲೆ ಫಾರ್ಮ್ ತುಂಬಿಸಲು ಜನ ಸಾಲಾಗಿ ಬಂದರು. ಎಲ್ಲರದೂ ಒಂದೇ ಮಾತು, ಏನೂ ಇಲ್ಲ. ಸಿದ್ದಲಿಂಗಪ್ಪ ಗದರಿದರು: “ಪೂಜಿ ಮಾಡಿದ ಮಷೀನ್ ಐತಿ. ಅದರ ಮುಂದ ಸುಳ್ಳ ಹೇಳ್ತೀರೇನಲೇ?” ತಾವೇ ಮುಂದೆ ಬಂದು ಸ್ಟೂಲಿನ ಮೇಲೆ ಕೂತರು.

“ಕಿವಿ ಕೇಳ್ಸುತ್ತಾ ಸಿದ್ದಲಿಂಗಪ್ಪನವರೇ?”

“ಏನ್ರೀ ಬಾಯಾರ?”

“ಕಿವಿ!”

“ಜೋರ ಹೇಳ್ರಿ!”

ಹಿಂದೆ ನಿಂತಿದ್ದ ಗದಿಗೆಪ್ಪ, “ಬರಕೋರಿ ಬಾಯಾರ, ಇನ್ನೇನ ಕೇಳ್ತೀರಿ!” ಅಂದ. ಎಲ್ಲರೂ ನಕ್ಕರು. ಸಿದ್ದಲಿಂಗಪ್ಪನವರೂ ನಕ್ಕು, ಆಮೇಲೆ ದನಿ ತಗ್ಗಿಸಿದರು. “ಎಡಗಿವಿ ಹೋಗಿ ನಾಕ ವರ್ಷ ಆತ್ರಿ. ಮನಿಯಾಕಿ ಚನ್ನವ್ವಗೂ ಹೇಳಿಲ್ಲ. ಸೊಂಟಾನೂ ಹಿಡಿತೈತಿ. ರಿಟೈರ್ ಆಗಾಕ ಇನ್ನ ಮೂರ ವರ್ಷ. ಹೆಂಗರ ದೂಡಬೇಕು.”

“ಡಾಕ್ಟರು ನೋಡ್ತಾರೆ, ಯೋಚನೆ ಮಾಡ್ಬೇಡಿ” ಎಂದು ಅವಳು ಎರಡು ಚೌಕಕ್ಕೆ ಗುರುತು ಹಾಕಿದಳು. ಅವರ ನಂತರ ಯಾರೂ ಏನನ್ನೂ ಬಚ್ಚಿಡಲಿಲ್ಲ.

ದೀಪಾವಳಿ ಕಳೆದ ಮೇಲೆ ನೋಟೀಸ್ ಬೋರ್ಡಿನಲ್ಲಿ ಪಟ್ಟಿ ಬಿತ್ತು. ಎರಡು ಅಥವಾ ಹೆಚ್ಚು ಗುರುತು ಬಿದ್ದ ನಲವತ್ತೊಂದು ಮಂದಿ ತಿಂಗಳ ಕೊನೆಗೆ ಕೆಲಸ ಬಿಡಬೇಕು. ರಮಾಮಣಿ ಓಡಿಹೋಗಿ, “ಸರ್, ಡಾಕ್ಟರು?” ಅಂದಳು. ಜಯಸಿಂಹ ಕಾಗದದಿಂದ ತಲೆ ಎತ್ತಲಿಲ್ಲ. “ಒಳ್ಳೆ ಕೆಲಸ ಮಾಡಿದ್ರಿ. ಒಂದೂ ತಪ್ಪಿಲ್ಲ.”

ಕೊನೆಯ ದಿನ ಸಿದ್ದಲಿಂಗಪ್ಪ ಅವಳ ಮೇಜಿನ ಹತ್ತಿರ ಬಂದರು. ಓದು ಬಾರದವರು. “ನಂದೇನ ಬರದೈತಿ, ತೋರಸ್ರಿ.”

ಗುಂಡಿ ಒತ್ತಿದಳು. ಇಂಗ್ಲಿಷಿನ ಎರಡು ಪದ ಮೂಡಿದವು. ಬಲಗಿವಿಯ ಕಡೆಗೆ ಬಾಗಿ ಹೇಳಿದಳು: “ಕಿವಿ. ಸೊಂಟ.”

“ಖರೇನ ಐತಿ” ಅಂದರು.

“ನನಗೆ ಗೊತ್ತಿರಲಿಲ್ಲ ಸಿದ್ದಲಿಂಗಪ್ಪನವರೇ.” ಅವರಿಗೆ ಕೇಳಿಸಿತೋ ಇಲ್ಲವೋ. ಅವರು ಕಂಪ್ಯೂಟರಿನ ಮೇಲೆ ಒಣಗಿದ್ದ ಮಾಲೆ ತೆಗೆದು ವಸ್ತ್ರದಲ್ಲಿ ಸುತ್ತಿಕೊಂಡರು. “ಕಸದಾಗ ಒಗೀಬಾರದ್ರಿ. ಸಮುದ್ರದ ಖಾಡಿ ನೀರಿಗೆ ಬಿಡ್ತೀನಿ.”

ಮುಂದಿನ ದಸರೆಗೆ ರಮಾಮಣಿಯೂ ಆ ಕಾರ್ಖಾನೆಯಲ್ಲಿರಲಿಲ್ಲ. ಈಗ ಕುರ್ಲಾದಲ್ಲಿ ಒಬ್ಬ ವಕೀಲರ ಹಳೆಯ ಟೈಪ್‌ರೈಟರ್ ಕುಟ್ಟುತ್ತಾಳೆ. ಮೊನ್ನೆ ಭಜನೆ ಮುಗಿದು ಎಲ್ಲರೂ ಎದ್ದ ಮೇಲೂ ತಾಳ ಹಿಡಿದು ಕೂತೇ ಇದ್ದಳು.

“ಆ ಮೊದಲಿನ ತಪ್ಪನ್ನ ಹಾಗೇ ಬಿಟ್ಟಿದ್ರೆ, ಎಲ್ಲರ ನೋವೂ ಎಲ್ಲರಿಗೂ ಅಂಟ್ಕೊಂಡಿರ್ತಿತ್ತು” ಅಂದಳು. “ಆಗ ಅವರು ಯಾರನ್ನ ಆರಿಸ್ತಿದ್ರು, ಹೇಳಿ?”