ಕುಂಬಾರ ಹುಳ ಒಪ್ಪಿದ ಮಣ್ಣು

ಕೋಥರೂಡಿನ ವಸತಿ ಸೊಸೈಟಿಯೊಂದರ ಅಂಗಳದಲ್ಲಿ, ಗೋಡೆಗೆ ಬಳಿಯುವ ನಮ್ಮ ಮಣ್ಣಿನ ಗಿಲಾವಿನಲ್ಲಿ ರಾಸಾಯನಿಕ ಇಲ್ಲವೆಂದು ನಾನು ಗಂಟಲು ಹರಿದುಕೊಳ್ಳುತ್ತಿದ್ದಾಗ, ಕುಂಬಾರ ಹುಳವೊಂದು ಬುಟ್ಟಿಯ ಹಸಿ ಮಣ್ಣಿನ ಮೇಲೆ ಇಳಿಯಿತು. ಗುತ್ತಿಗೆದಾರನಾದ ನನ್ನ ಮಾತನ್ನು ಅಲ್ಲಿಯವರೆಗೆ ನೆರೆದಿದ್ದ ನಿವಾಸಿಗಳಲ್ಲಿ ಯಾರೂ ನಂಬಿರಲಿಲ್ಲ. ಹುಳವನ್ನು ಓಡಿಸಲು ಕೈ ಎತ್ತಿದೆ.

“ತಡೀರಿ ಸಾಹೇಬ್ರ,” ಎಂದರು ಮಣ್ಣು ಕಲಸುತ್ತಿದ್ದ ಯಾದಗಿರಿಯ ಮಲ್ಲಮ್ಮ. “ಮರಿಗೋಳಿಗೆ ಮನಿ ಕಟ್ಲಾಕ ಮಣ್ಣು ಹುಡುಕ್ಕೋತ ಬಂದದ. ಕೆಟ್ಟ ಮಣ್ಣು ಮುಟ್ಟಂಗಿಲ್ರಿ ಅದು.”

ಅದನ್ನೇ ಮರಾಠಿಯಲ್ಲಿ ಹೇಳಿದೆ. ಎಲ್ಲರೂ ಬುಟ್ಟಿಯ ಕಡೆ ಬಗ್ಗಿ ನೋಡಿದರು. ಹುಳ ಪುಟ್ಟ ಉಂಡೆ ಮಾಡಿಕೊಂಡು ಕಿಟಕಿಯ ಮೂಲೆಗೆ ಹಾರಿತು; ಮತ್ತೆ ಬಂತು, ಮತ್ತೆ ಒಯ್ದಿತು. ನನ್ನ ಕೈಯಲ್ಲಿದ್ದ ಕರಪತ್ರ ನನಗೇ ಮರೆತುಹೋಯಿತು.

ಈಗ ಮಣ್ಣು ಕಲಸಿದ ಮೇಲೆ ಬುಟ್ಟಿಯನ್ನು ಸ್ವಲ್ಪ ಹೊತ್ತು ತೆರೆದಿಡುತ್ತೇನೆ. ಹುಳ ಬಂದು ಹೋದ ಮೇಲೆಯೇ ಗಿರಾಕಿಗಳನ್ನು ಕರೆಯುತ್ತೇನೆ.