ನೀರಿನ ಮಿಲ್ಲಿಗೆ ಅತ್ತೆ ತಂದ ಗೋಧಿ

ಕಾರು ಕಂಪನಿಗಳು ಜನರನ್ನು ಮನೆಗೆ ಕಳಿಸುತ್ತಿದ್ದ ಕಾಲ ಅದು. ನನ್ನ ಕೆಲಸವೂ ಹೋಗಿತ್ತು. ಮೈಸೂರಿನಿಂದ ವಿಮಾನ ಹತ್ತಿ ಬಂದಿದ್ದ ಅತ್ತೆಗೆ ನಾವಿದ್ದ ಊರು ಕ್ಯಾಂಟನ್ ಹತ್ತಿರದ ಒಂದು ಹಳೇ ಹಿಟ್ಟಿನ ಮಿಲ್ಲು ತೋರಿಸೋಣ ಅಂತ ಹೊರಟೆ. ಮೊದಮೊದಲು ಈ ದೇಶಕ್ಕೆ ಬಂದು ನೆಲೆಸಿದ ಬಿಳಿಯರು ಕಟ್ಟಿದ್ದು. ರಿಪೇರಿ ಮಾಡಿ ಈಗಲೂ ನೀರಿನಿಂದಲೇ ಓಡಿಸುತ್ತಾರೆ.

ಅಲ್ಲಿನ ಮುದುಕ ಗೈಡ್ ತೂಬು ಎತ್ತಿದ. ನೀರು ಬಿದ್ದು ಮರದ ಚಕ್ರ ತಿರುಗಿತು, ಒಳಗೆ ಕಲ್ಲು ಗುಡುಗುಡು ಅಂತ ಮುಸುಕಿನ ಜೋಳ ಬೀಸಿತು. ಆಗ ಅತ್ತೆ ಬ್ಯಾಗಿನಿಂದ ಗೋಧಿ ಚೀಲ ತೆಗೆದು ಅವನ ಮುಂದೆ ಹಿಡಿದರು.

"ಸಣ್ಣಗೆ ಬೀಸ್ಬೇಕು ಅಂತ ಹೇಳು. ಮಿಲ್ಲಿಗೆ ಯಾರಾದ್ರೂ ಬರಿಗೈಲಿ ಬರ್ತಾರೇನೇ?"

ಅವನು ತಬ್ಬಿಬ್ಬಾದ. ಹೊರಗಿನ ಕಾಳು ಹಾಕುವಂತಿಲ್ಲ, ಇಲ್ಲಿನ ಹಿಟ್ಟು ತಿನ್ನುವಂತಿಲ್ಲ, ರೂಲ್ಸು ಅಂದ.

"ತಿನ್ನೋಕಲ್ದಿದ್ರೆ ಯಾಕೆ ಬೀಸ್ತಾನಂತೆ?"

ಹಿಂದೆ ಜನ ಕಾಳು ತರುತ್ತಿದ್ದರು, ಮಿಲ್ಲಿನವನು ಬೀಸಿಕೊಟ್ಟು ತನ್ನ ಪಾಲು ಇಟ್ಟುಕೊಳ್ಳುತ್ತಿದ್ದ, ಅದನ್ನು ಜನಕ್ಕೆ ತೋರಿಸೋದಕ್ಕೆ ಅಂದ.

"ನಾನೂ ಕಾಳು ತಂದಿದೀನಲ್ಲ."

ಇಬ್ಬರೂ ನನ್ನ ಮುಖ ನೋಡಿದರು. ಅತ್ತಿಂದಿತ್ತ ಮಾತು ದಾಟಿಸುತ್ತಿದ್ದ ನನಗೆ ಯಾರು ಸರಿ ಅನ್ನೋದೇ ತಿಳಿಯದಾಯಿತು. ಕೊನೆಗೆ ಅವನು ನಗುತ್ತಾ ಚೀಲಕ್ಕೆ ಕೈ ಹಾಕಿ, ಒಂದು ಹಿಡಿ ಗೋಧಿ ತೆಗೆದು ಜೇಬಿಗೆ ಹಾಕಿಕೊಂಡ. ಹಳೇ ಪದ್ಧತಿ, ಮಿಲ್ಲಿನವನ ಪಾಲು ಅಂದ.

ಕಾರಲ್ಲಿ ಅತ್ತೆ ದಾರಿಯುದ್ದಕ್ಕೂ ಗೊಣಗಿದರು. "ಕೆಲಸಾನೇ ಮಾಡ್ದೆ ಪಾಲು ತಗೊಂಡ್ನಲ್ಲ, ಇದ್ಯಾವ ನ್ಯಾಯ?"

ವಾರವಾರ ಸರ್ಕಾರದಿಂದ ನಿರುದ್ಯೋಗ ಭತ್ಯೆ ತೆಗೆದುಕೊಳ್ಳುತ್ತಿದ್ದ ನಾನು ರಸ್ತೆ ನೋಡಿಕೊಂಡು ಡ್ರೈವ್ ಮಾಡಿದೆ.