ತೆರೆಯ ಪಕ್ಕ ನಿಂತು ನಾನು ನುಂಗಿದ ವಾಕ್ಯ

ಒಂದು ವಾಕ್ಯವನ್ನು ನಾನು ಬೇಕೆಂದೇ ಬದಲಿಸಿದೆ. ಅರ್ಥವಾಗಲಿಲ್ಲವೆಂದಲ್ಲ — ಸ್ಪಷ್ಟವಾಗಿ ಅರ್ಥವಾಗಿತ್ತು.

ಕೆಲವು ವರ್ಷಗಳ ಹಿಂದೆ ಬೀದರಿನ ನಮ್ಮ ಚರ್ಚಿನ ಸಭಾಂಗಣದಲ್ಲಿ ಒಂದು ಸಾಕ್ಷ್ಯಚಿತ್ರ ತೋರಿಸಿದರು. ಹೆಂಗಸರು ಸಮುದ್ರದಾಳಕ್ಕೆ ಇಳಿಯುವುದನ್ನು ಯಾರೂ ಊಹಿಸದ ಕಾಲದಲ್ಲಿ ಇಳಿದು, ಆಮೇಲೆ ಶಾರ್ಕ್‌ಗಳ ರಕ್ಷಣೆಗಾಗಿ ಬದುಕನ್ನೇ ಕೊಟ್ಟ ಒಬ್ಬ ವಿದೇಶಿ ಮಹಿಳೆಯ ಕಥೆ. ಚಿತ್ರ ಇಂಗ್ಲಿಷಿನಲ್ಲಿತ್ತು. ಹೊರಗಿನಿಂದ ಬಂದ ಬೋಧಕರ ಪಕ್ಕದಲ್ಲಿ ನಿಂತು ಅವರ ಮಾತನ್ನು ವಾಕ್ಯವಾಕ್ಯವಾಗಿ ಕನ್ನಡದಲ್ಲಿ ಹೇಳುವ ರೂಢಿ ನಮ್ಮಲ್ಲಿದೆ. ಮನೆತನದ ಮೊದಲ ಪದವೀಧರೆಯಾದ ನನಗೆ ಆ ಕೆಲಸ ಬರುತ್ತಿತ್ತು. ಅತಿಥಿಯ ಒರಟು ಮಾತನ್ನು ಸಭೆಗೆ ತಕ್ಕಂತೆ ನಯಗೊಳಿಸುವುದೂ ಆ ಕೆಲಸದ ಭಾಗವೆಂದು ಕಲಿತಿದ್ದೆ. ಅಂದು ಹಾಗೆಯೇ ಮೈಕು ಹಿಡಿದು ತೆರೆಯ ಪಕ್ಕ ನಿಂತೆ.

ನಡುವೆ ಆ ವೃದ್ಧೆ ಕ್ಯಾಮೆರಾ ಕಡೆ ನೋಡಿ ಹೇಳಿದರು: ಮೊದಮೊದಲು ನಾನೂ ಶಾರ್ಕ್‌ಗಳನ್ನು ಕೊಂದಿದ್ದೇನೆ, ಹೆಮ್ಮೆಯಿಂದ ಕೊಂದಿದ್ದೇನೆ. ಮುಂದಿನ ಸಾಲಿನಲ್ಲಿ ಹಿರಿಯರು ಕುಳಿತಿದ್ದರು. ಅವರೆದುರು ಆಕೆ ಸಣ್ಣವರಾಗಬಾರದು — ಅಥವಾ ನಾನೇ ಸಣ್ಣವಳಾಗಬಾರದು... "ಕೊಲ್ಲುವವರನ್ನು ಕಂಡು ನನ್ನ ಮನಸ್ಸು ನೊಂದಿತು" ಎಂದೆ. ಯಾರಿಗೂ ತಿಳಿಯಲಿಲ್ಲ.

ಕೊನೆಯ ಸಾಲಿನಲ್ಲಿ ನನ್ನ ಸೋದರಮಾವ ಇದ್ದರು, ಭಾಲ್ಕಿ ಕಡೆಯ ಹಳ್ಳಿಯಿಂದ ಬಂದವರು. ಚಹಾ ಕೊಡುವಾಗ ನನ್ನನ್ನು ಗೋಡೆಯ ಬದಿಗೆ ಕರೆದರು.

"ಏನ್ರಿ ಮೇಡಂ, ಮೈಕ್ ಸಿಕ್ಕರ ಬಿಡಂಗೇ ಇಲ್ಲಲ್ಲ ನೀವು," ಎಂದು ನಕ್ಕು, ಆಮೇಲೆ ದನಿ ತಗ್ಗಿಸಿದರು. "ಖರೇ ಹೇಳವಾ. ಆ ಚಿತ್ರದಾಗಿನ ಹೆಣ್ಮಗಳು ತನ್ನ ಕೈಲಿ ಒಂದೂ ಕೊಂದಿಲ್ಲೇನು?"

"ಇಲ್ಲರಿ ಮಾವಾ. ಒಂದೂ ಇಲ್ಲ."

"ಹಂಗಾದ್ರ ಆಕಿ ಮಾತು ಬ್ಯಾರೆ ಬಿಡು."

ಅವರು ಯಾಕೆ ಕೇಳಿದರೆಂದು ತಿಳಿದದ್ದು ಹೋದ ವರ್ಷ, ಮಾವ ಆಸ್ಪತ್ರೆಯಲ್ಲಿ ಮಲಗಿ ತಾವೇ ಹೇಳಿದಾಗ. ಹರೆಯದಲ್ಲಿ ಮಾವ ಮತ್ತು ಅವರ ಗೆಳೆಯ ಮಾರುತಿ ಕಾಕಾ ಮಾಂಜ್ರಾ ಹೊಳೆಯಲ್ಲಿ ಸಿಡಿಮದ್ದು ಎಸೆದು ಮೀನು ಹಿಡಿಯುತ್ತಿದ್ದರು. ಒಮ್ಮೆ ಮದ್ದು ಕಾಕಾನ ಕೈಯಲ್ಲೇ ಸಿಡಿದು ಮುಂಗೈ ಹೋಯಿತು. ಎಸೆಯಲು ತಡಮಾಡಿದ್ದು ಕಾಕಾನದೇ ತಪ್ಪೆಂದು ಊರು ನಂಬಿತು, ಕಾಕಾನೂ ನಂಬಿದರು. ಆದರೆ ಬತ್ತಿಯನ್ನು ತೀರಾ ಗಿಡ್ಡ ಕತ್ತರಿಸಿ, ಹಚ್ಚಿ ಕೊಟ್ಟವರು ಮಾವ. ಆರಾಧನೆಯಲ್ಲಿ ಸಾಕ್ಷಿಯ ಹೊತ್ತು ಎಂದೊಂದು ಇರುತ್ತದೆ — ಸಭೆಯೆದುರು ಎದ್ದು ನಿಂತು ತಮ್ಮ ಬದುಕಿನ ಮಾತು ಹೇಳುವ ಹೊತ್ತು. ಆ ಚಿತ್ರದ ಮರುಭಾನುವಾರ ಕಾಕಾನನ್ನೂ ಕರೆತಂದು ಅಲ್ಲಿ ಹೇಳಬೇಕೆಂದು ಮಾವ ನಿಶ್ಚಯಿಸಿದ್ದರಂತೆ.

"ಕೊಂದಾಕಿನೂ ಹಂಗ ಕುಂತು ಹೇಳ್ಯಾಳ ಅಂದಿದ್ರ ನಂಗೂ ಧೈರ್ಯ ಬರ್ತಿತ್ತು. ಆಕಿ ಕೈ ಸ್ವಚ್ಛ ಇತ್ತು. ನಾ ಸುಮ್ಮ ಆಗಿಬಿಟ್ಟೆ," ಎಂದರು ಮಾವ.

ಆಗಲಾದರೂ ನಿಜ ಹೇಳಬಹುದಿತ್ತು. ನೀರಿನ ಲೋಟ ಹಿಡಿದು ನಿಂತಿದ್ದೆ — ಹೇಳಲಿಲ್ಲ. ಮಾವ ತೀರಿಕೊಂಡರು. ನನಗೆ ಅಳು ಬರಲಿಲ್ಲ. ಅಂತ್ಯಕ್ರಿಯೆಯ ದಿನ ಕುರ್ಚಿಗಳು ಸಾಲಾಗಿವೆಯೇ ಎಂದು ನೋಡುತ್ತಿದ್ದೆ.

ಕಳೆದ ವಾರ ಕಾಕಾನ ಮನೆಗೆ ಹೋದೆ. ಅವರು ಒಂದೇ ಕೈಯಿಂದ ಎಮ್ಮೆಗೆ ಮೇವು ಹಾಕುತ್ತಿದ್ದರು. ಬತ್ತಿಯ ವಿಷಯ, ನನ್ನ ವಾಕ್ಯದ ವಿಷಯ — ಎರಡನ್ನೂ ಇದ್ದಂತೆ ಹೇಳಿದೆ. ಅವರು ಕೈಯಲ್ಲಿದ್ದ ಮೇವನ್ನು ಎಮ್ಮೆಯ ಮುಂದೆ ಇಟ್ಟರು.

"ಐತಾರಕ್ಕೊಮ್ಮೆ ಬರ್ತಿದ್ದ ನಿಮ್ಮ ಮಾವ," ಎಂದರು. "ಚಾ ಕುಡೀತಿದ್ದ. ಏನೋ ಹೇಳ್ಲಿಕ್ಕ ಬಾಯಿ ತೆಗೀತಿದ್ದ. ಆಮ್ಯಾಲ ಮಳಿ-ಬೆಳಿ ಮಾತಾಡಿ ಎದ್ದು ಹೋಗ್ತಿದ್ದ. ವಯಸ್ಸಾತು, ಮರೀತಾನ ಅನ್ಕೊಂಡಿದ್ದೆ ನಾ."

ಆಮೇಲೆ ನನ್ನ ಕಡೆ ನೋಡಿದರು. "ಅವ ಇದ್ದಾಗ ಯಾಕ ಬರಲಿಲ್ಲವಾ ನೀ?"

ನನ್ನಲ್ಲಿ ಕಾರಣಗಳಿದ್ದವು. ಒಂದನ್ನೂ ಹೇಳಲಿಲ್ಲ. ಅವರು ಮೇವಿನ ಕಡೆ ತಿರುಗಿದರು. ಕೂಡು ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ನಾನು ನಿಂತೇ ಇದ್ದೆ.